ಹದಿಮೂರನೆಯ ಮರ

ಇದನ್ನು ಹೇಳಲು ಹೊರಡುವುದೇ ಅಧಿಕಪ್ರಸಂಗ ಅಂತ ಗೊತ್ತಿದೆ. ವೈದ್ಯರು ಹೇಳಬೇಕಾದ ಸಂಗತಿಯನ್ನು, ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ ವಿಜ್ಞಾನ ಕಲಿತವರು ಹೇಳಿದರೆ ಎಲ್ಲೋ ಒಂದು ಕಡೆ ತಪ್ಪು ನುಸುಳಿಯೇ ನುಸುಳುತ್ತದೆ. ಕಂಡವರು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಸುಮ್ಮನಿರುವುದೇ ಮೇಲೆಂದು ಬಹಳ ದಿನ ಸುಮ್ಮನಿದ್ದದ್ದೂ ಆಯಿತು. ಆದರೆ ಅಕ್ಕನಿಗೆ ಆದದ್ದನ್ನು ಯಾರಾದರೂ ಮೊದಲಿಂದ ಕೊನೆಯವರೆಗೆ ಹೇಳಬೇಕಿತ್ತು, ಹೇಳುವವರು ಬೇರೆ ಯಾರೂ ಕಾಣಲಿಲ್ಲ.

ಅಕ್ಕ ಅಂದರೆ ಆಸ್ಪತ್ರೆಯ ಹಿಂಭಾಗದ ಪ್ರಯೋಗಾಲಯದಲ್ಲಿ ಮಿದುಳಿನ ಸ್ಲೈಡು ಮಾಡುವವಳು. ಮನೆಯಲ್ಲಿ ಒಬ್ಬ ತಮ್ಮನಿಗೆ ಅಕ್ಕ. ಪ್ರಯೋಗಾಲಯದಲ್ಲಿ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರಿಗೂ ಅಕ್ಕ. ತೀರಿಹೋದವರ ಮನೆಯವರು ಒಪ್ಪಿ ಕೊಟ್ಟ ಮಿದುಳಿನ ತುಣುಕನ್ನು ಅವಳು ಮೊದಲು ಕಿತ್ತಳೆ ಬಣ್ಣದ ದ್ರಾವಣದಲ್ಲಿ, ಆಮೇಲೆ ಬೆಳ್ಳಿಯ ದ್ರಾವಣದಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದಳು. ಹದಕ್ಕೆ ಬಂದ ಮೇಲೆ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಾಸುತ್ತಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನಿನ ಬಣ್ಣದ ಬಯಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ಕಡುಗಪ್ಪು ಮರ. ಒಂದೊಂದು ಮರವೂ ಒಂದೊಂದು ನರಕೋಶ. ನಡುವೆ ಗುಂಡನೆಯ ಹೊಟ್ಟೆ, ಹೊಟ್ಟೆಯಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಆ ಬಯಲಿನಲ್ಲಿ ನಿಜಕ್ಕೂ ದಟ್ಟ ಕಾಡೇ ಇರುತ್ತದೆಯಂತೆ. ಬೆಳ್ಳಿ ಹಿಡಿಯುವುದು ನೂರರಲ್ಲಿ ಒಂದನ್ನೋ ಎರಡನ್ನೋ ಮಾತ್ರ.

ಸೂಕ್ಷ್ಮದರ್ಶಕಕ್ಕೆ ಒಂದು ಕನ್ನಡಿಯ ಕೊಳವೆ ಜೋಡಿಸಿದ್ದರು. ಅದರಲ್ಲಿ ಕಣ್ಣಿಟ್ಟರೆ ಕೋಶವೂ ಪಕ್ಕದ ಕಾಗದವೂ ಒಂದರ ಮೇಲೊಂದು ಕಾಣುತ್ತವೆ. ಕೋಶದ ಕೊಂಬೆಗಳ ಮೇಲೆಯೇ ಪೆನ್ಸಿಲ್ ಓಡಿಸಿ ಚಿತ್ರ ತೆಗೆಯುವುದು ಅಕ್ಕನ ಇನ್ನೊಂದು ಕೆಲಸ. ಚಿತ್ರಗಳು ಪಕ್ಕದ ಕಟ್ಟಡದ ಎಣಿಕೆಯವನ ಬಳಿ ಹೋಗುತ್ತಿದ್ದವು. ಅವನು ಬಳೆಬಳೆಯಾಗಿ ಗೆರೆ ಬರೆದ ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲಿಟ್ಟು, ಬಳೆಗಳನ್ನು ಎಷ್ಟು ರೆಂಬೆ ದಾಟುತ್ತವೆ ಎಂದು ಎಣಿಸಿ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಸಂಖ್ಯೆ ಬರೆಯುತ್ತಿದ್ದ. ಕೊಂಬೆ ಕಡಿಮೆಯಾದ ಕೋಶ ಕಾಯಿಲೆಯ ಕೋಶ.

ತಮ್ಮನದು ಕಲ್ಲಿನ ಶೆಡ್ಡು. ಊರಾಚೆ ಎಂಟು ಜನ ಕೆಲಸ ಮಾಡುವ ತಗಡಿನ ಶೆಡ್ಡಿನಲ್ಲಿ ಅವರು ಮರಗಲ್ಲು ಸೀಳುತ್ತಿದ್ದರು. ಹಾಲು ಬಣ್ಣದ ಸುಣ್ಣಕಲ್ಲು. ಪದರ ಬಿಡಿಸಿದರೆ ಒಳಗೆ ಕಪ್ಪು ಗಿಡಗಂಟಿ ಬೆಳೆದಂತಿರುತ್ತದೆ. ಅದು ಗಿಡವೂ ಅಲ್ಲ, ಗಿಡದ ಗುರುತೂ ಅಲ್ಲ. ಮ್ಯಾಂಗನೀಸ್ ಬೆರೆತ ನೀರು ಯಾವ ಕಾಲದಲ್ಲೋ ಬಿರುಕಿನಲ್ಲಿ ಹರಿದು, ಆರಿ, ಬಿಟ್ಟುಹೋದ ಕಪ್ಪು. ಒಂದು ದಿನವೂ ಜೀವವಿರದಿದ್ದ ಮರ. ಸೀಳಿದ ಕಲ್ಲಿನ ಹಾಳೆಯ ಬೆನ್ನಿಗೆ ಬೆರಳು ದಪ್ಪದ ಕಪ್ಪು ಪಟ್ಟೆ ಅಂಟಿಕೊಂಡಿರುತ್ತದೆ. ಅದನ್ನು ಕೈಯಂತ್ರದಿಂದ ಕೆರೆದು ಕೆರೆದು, ಮರ ಕಂಡ ಕ್ಷಣಕ್ಕೆ ಸರಿಯಾಗಿ ಕೈ ನಿಲ್ಲಿಸಬೇಕು. ಕೂದಲೆಳೆ ಹೆಚ್ಚಾದರೆ ಮರವೂ ಪುಡಿಯಾಗಿ ಹಾರುತ್ತದೆ. ಆ ಹದ ತಮ್ಮನಿಗೆ ಕೈಗೆ ಬಂದಷ್ಟು ಯಾರಿಗೂ ಬಂದಿರಲಿಲ್ಲ.

"ಅಕ್ಕಾ, ನಿನ್ನ ಮರಕ್ಕೂ ನನ್ನ ಮರಕ್ಕೂ ಏನು ವ್ಯತ್ಯಾಸ ಹೇಳು ನೋಡೋಣ," ಎಂದು ಅವನು ಊಟಕ್ಕೆ ಕೂತಾಗ ಕಾಲೆಳೆಯುತ್ತಿದ್ದ.

"ನನ್ನದು ಒಂದು ಕಾಲಕ್ಕೆ ಯೋಚನೆ ಮಾಡ್ತಿತ್ತು ಕಣೋ."

"ನಮ್ಮ ಶೆಡ್ಡಿನವರನ್ನ ನೋಡಿದ್ರೆ ಹಾಗೇನೂ ಅನ್ಸಲ್ಲ. ಕಲ್ಲೇ ವಾಸಿ."

"ನಿಮ್ಮನ್ನ ನೋಡಿದ್ರೂ ಅನ್ಸಲ್ಲ," ಎಂದು ಒಳಗಿನಿಂದ ಅವನ ಹೆಂಡತಿ ಸೇರಿಸುತ್ತಿದ್ದಳು. "ಮೊದ್ಲು ಕೈ ತೊಳ್ಕೊಂಡು ಬನ್ನಿ. ಅತ್ತಿಗೆ, ನೀವೂನೂ. ಅಕ್ಕ ತಮ್ಮ ಇಬ್ರೂ ಇದ್ದಿಲು ಮೂಟೆ ಹೊತ್ತು ಬಂದವರ ಹಾಗಿದ್ದೀರ."

ಅವಳು ಹೇಳುವುದೂ ನಿಜವೇ. ಬೆಳ್ಳಿ ದ್ರಾವಣ ತಗುಲಿ ಅಕ್ಕನ ಬೆರಳು ಕಪ್ಪು, ಕಲ್ಲುಪುಡಿ ಮೆತ್ತಿ ತಮ್ಮನ ಬೆರಳು ಕಪ್ಪು.

ತಮ್ಮನಿಗೆ ಕೆಲಸ ಕಲಿಸಿದವರು ಒಬ್ಬ ಮುದಿ ಮೇಸ್ತ್ರಿ. ಕೊನೆಯ ವರ್ಷಗಳಲ್ಲಿ ಅವರ ನಡಿಗೆ ಕೆಟ್ಟುಹೋಗಿತ್ತು. ಹಿಮ್ಮಡಿ ನೆಲಕ್ಕೆ ತಾಗಿಸದೆ, ಮೊಣಕೈ ಮಡಚಿಕೊಂಡು, ಕಾಲ್ಬೆರಳ ತುದಿಯ ಮೇಲೆ ಕುಕ್ಕುತ್ತ ನಡೆಯುತ್ತಿದ್ದರು. ಹಿಂದಕ್ಕೆ ಹೆಜ್ಜೆ ಇಡಹೋದರೆ ಬಿದ್ದೇಬಿಡುತ್ತಿದ್ದರು. ಶೆಡ್ಡಿನವರು ಅವರಿಗೆ ಹುಂಜ ಮೇಸ್ತ್ರಿ ಅಂತ ಹೆಸರಿಟ್ಟಿದ್ದರು. ಮುಖ ಹಲಗೆಯ ಹಾಗೆ, ನಗುವಿಲ್ಲ, ಸಿಟ್ಟಿಲ್ಲ. ಆದರೆ ಒಮ್ಮೊಮ್ಮೆ ಯಾರದೋ ಸಾವಿನ ಸುದ್ದಿ ಕೇಳಿ ಕಿಸಕ್ಕನೆ ನಕ್ಕುಬಿಡುತ್ತಿದ್ದರು. ತಮ್ಮ ಅವರ ನಡಿಗೆಯನ್ನು ಅಡುಗೆಮನೆಯಲ್ಲಿ ಮಾಡಿ ತೋರಿಸಿ ಹೆಂಡತಿಯನ್ನು ನಗಿಸುತ್ತಿದ್ದ. ಅಕ್ಕನೂ ನಕ್ಕಿದ್ದಳು. ಆ ನಗು ಆಮೇಲೆ ಅವಳನ್ನು ಬಹಳ ಕಾಡಿತು.

ಮೇಸ್ತ್ರಿ ತೀರಿಕೊಂಡಾಗ ಅವರ ಹೆಂಡತಿ, "ಏನು ಹಿಡ್ಕೊಂಡಿತ್ತು ಅಂತಾದ್ರೂ ಗೊತ್ತಾಗ್ಲಿ," ಎಂದು ಮಿದುಳಿನ ಪರೀಕ್ಷೆಗೆ ಒಪ್ಪಿದರು. ಕಪ್ಪು ಪಟ್ಟೆಯ ಪುಡಿಯಲ್ಲಿ ಮ್ಯಾಂಗನೀಸ್ ಇದೆ, ಅದು ಉಸಿರಿನಲ್ಲಿ ಹೋಗಿ ನರಗಳನ್ನು ತಿಂದಿರಬಹುದು ಎಂದು ಡಾಕ್ಟರಮ್ಮನಿಗೆ ಅನುಮಾನ. ಫಲಿತಾಂಶ ಬರುವತನಕ ಕಲ್ಲಿನ ಮೇಲೆ ನೀರು ಬಿಟ್ಟುಕೊಂಡೇ ಕೆರೆಯಬೇಕು, ಒಣ ಕೆರೆತ ಕೂಡದು ಎಂದು ತಪಾಸಣೆಯವರು ಶೆಡ್ಡಿನ ಯಜಮಾನನಿಗೆ ತಾಕೀತು ಮಾಡಿದರು. ತಮ್ಮ ಮೂಗು ಮುರಿದ. ನೀರು ಬಿದ್ದರೆ ಕಪ್ಪೆಲ್ಲ ಕೆಸರಾಗಿ ಮರದ ಅಂಚು ಕಾಣುವುದಿಲ್ಲ, ಎಲ್ಲಿ ಕೈ ನಿಲ್ಲಿಸಬೇಕೋ ತಿಳಿಯುವುದಿಲ್ಲ. "ಕಣ್ಣಿಗೆ ಬಟ್ಟೆ ಕಟ್ಟಿ ಕ್ಷೌರ ಮಾಡು ಅಂದ ಹಾಗಾಯ್ತು," ಎಂದು ಗೊಣಗಿದ.

ಸ್ಲೈಡಿನ ಕೆಲಸ ಅಕ್ಕನ ಪಾಲಿಗೆ ಬಂತು. ಅವಳು ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟಿ ನೋಡಿ ಮನೆ ಬಿಡುವ ಹೆಂಗಸು. ಬಾಗಿಲಿಗೆ ಬೀಗ ಹಾಕಿ ಎರಡು ಮಹಡಿ ಇಳಿದವಳು ಮತ್ತೆ ಹತ್ತಿ ಬಂದು ಎಳೆದು ನೋಡುವವಳು. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ಮೇಡಂ, ನನ್ನ ತಮ್ಮ ಅದೇ ಶೆಡ್ಡಲ್ಲಿದ್ದಾನೆ. ಈ ಕೆಲಸ ನನಗೆ ಕೊಡಬೇಡಿ. ನನಗೇ ಗೊತ್ತಿಲ್ಲದೆ ಕೈ ಆ ಕಡೆಗೋ ಈ ಕಡೆಗೋ ವಾಲಿಬಿಡುತ್ತೆ."

"ಬೆಳ್ಳಿ ಕೆಲಸ ಬರೋದು ನಿಮಗೊಬ್ಬರಿಗೇ ಅಲ್ವೇನಮ್ಮ."

"ಹಾಗಾದ್ರೆ ಒಂದು ಮಾಡಿ. ಚಿತ್ರದ ಮೇಲೆ ಸ್ಲೈಡ್ ನಂಬರ್ ಬರೆಯೋದು ಬೇಡ. ಹೆಸರೂ ಬೇಡ, ತಾರೀಕೂ ಬೇಡ. ಯಾರ ಕೋಶ, ಯಾವ ಸ್ಲೈಡು ಅಂತ ಎಣಿಸೋರಿಗೆ ಸುಳಿವೇ ಸಿಗಬಾರದು."

ಡಾಕ್ಟರಮ್ಮ ಆಗಲಿ ಎಂದರು. ಚಿತ್ರದ ಮೂಲೆಯಲ್ಲಿ ನಂಬರು ಹಾಕುವುದು ಆ ಪ್ರಯೋಗಾಲಯದ ಹಳೆಯ ಪದ್ಧತಿ. ತನ್ನ ಮೇಲೆ ತನಗೇ ಇದ್ದ ಅಪನಂಬಿಕೆಯಿಂದ ಅಕ್ಕ ಅದನ್ನು ತಪ್ಪಿಸಿದಳು. ಮುಂದಿನದೆಲ್ಲ ಆ ಸಣ್ಣ ಕಿಂಡಿಯಿಂದಲೇ ಒಳಗೆ ಬಂತು.

ಸ್ಲೈಡುಗಳು ಸಿದ್ಧವಾಗಿ ಅವಳು ಚಿತ್ರ ತೆಗೆಯುತ್ತಿದ್ದ ವಾರ ತಮ್ಮ ಅವಳಿಗೊಂದು ಉಡುಗೊರೆ ತಂದಿದ್ದ. ಮರಗಲ್ಲಿನ ಒಂದು ಚೂರನ್ನು ಸ್ಲೈಡಿನ ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ್ದ. "ತಗೋ, ನಿನ್ನ ದೂರದರ್ಶಕದಲ್ಲಿಟ್ಟು ನೋಡು."

"ದೂರದರ್ಶಕ ಅಲ್ವೋ ದಡ್ಡ, ಸೂಕ್ಷ್ಮದರ್ಶಕ."

"ಯಾವುದೋ ಒಂದು. ನಿನ್ನ ಡಾಕ್ಟರಮ್ಮ ಇದನ್ನ ನೋಡಿ ಯಾರ ತಲೆ ಅಂತ ಕೇಳಿದ್ರೆ ನನ್ನ ಹೆಸರು ಹೇಳು."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕ ಅದನ್ನು ಕನ್ನಡಿಯ ಕೊಳವೆಯ ಕೆಳಗಿಟ್ಟಳು. ಎಂಥ ಸೊಂಪು! ಕವಲಿಗೆ ಕವಲು, ಅದಕ್ಕೆ ಮತ್ತೆ ಕವಲು. ಮೇಸ್ತ್ರಿಯ ಬೋಳು ಕೋಶಗಳನ್ನು ವಾರವಿಡೀ ನೋಡಿದ್ದ ಕಣ್ಣಿಗೆ ತಂಪೆನಿಸಿತು. ಕೈ ತಡೆಯದೆ ಅದನ್ನೂ ಬರೆದಳು. ತಮ್ಮನಿಗೆ ತಮಾಷೆ ಮಾಡಬೇಕೆಂದು ಕಲ್ಲಿನ ಮರದ ಬುಡಕ್ಕೆ ಒಂದು ಗುಂಡನೆಯ ಹೊಟ್ಟೆ ಸೇರಿಸಿ ಕಪ್ಪು ತುಂಬಿದಳು. ಈಗ ಅದು ಸಾಕ್ಷಾತ್ ನರಕೋಶವೇ. ಅದನ್ನು ನೋಡಿಕೊಂಡು ಇನ್ನೊಂದು ಶುದ್ಧ ಪ್ರತಿ ತೆಗೆದು ಮನೆಗೆ ಒಯ್ದಳು. ತಮ್ಮ ಬಿದ್ದು ಬಿದ್ದು ನಕ್ಕ, ಹಾಳೆಯನ್ನು ಅಲಮಾರಿನ ಬಾಗಿಲಿಗೆ ಅಂಟಿಸಿದ. ಕಚ್ಚಾ ಪ್ರತಿ ಮೇಜಿನ ಮೇಲೆ, ಇತರ ಹಾಳೆಗಳ ನಡುವೆ ಉಳಿಯಿತು. ಎರಡು ದಿನ ಬಿಟ್ಟು ಅವಳು ಎಲ್ಲವನ್ನೂ ಜೋಡಿಸಿ ಕಡತಕ್ಕೆ ಸೇರಿಸಿದಾಗ ಸ್ಲೈಡುಗಳನ್ನು ಎರಡೆರಡು ಸಲ ಎಣಿಸಿದಳು. ಹನ್ನೆರಡು ಕೋಶಗಳೆಂದು ಪುಸ್ತಕದಲ್ಲಿ ಬರೆದಳು. ಹಾಳೆಗಳನ್ನು ಎಣಿಸಲಿಲ್ಲ.

ವರದಿ ಬಂತು. ಆರೋಗ್ಯವಂತರಲ್ಲಿ ಬಳೆ ದಾಟುವ ರೆಂಬೆ ಸರಾಸರಿ ಹದಿನಾಲ್ಕು, ಮೇಸ್ತ್ರಿಯಲ್ಲಿ ಹದಿಮೂರು. ಈ ಒಬ್ಬ ವ್ಯಕ್ತಿಯಲ್ಲಿ ಗಮನಿಸತಕ್ಕಂಥ ನಷ್ಟ ಕಂಡುಬಂದಿಲ್ಲ, ಇಷ್ಟರಿಂದ ಯಾವ ತೀರ್ಮಾನವನ್ನೂ ಮಾಡಬಾರದು ಎಂದು ಡಾಕ್ಟರಮ್ಮ ಬರೆದಿದ್ದರು. ಶೆಡ್ಡಿನ ಯಜಮಾನ ಆ ವಾಕ್ಯದ ಮೊದಲ ಅರ್ಧಕ್ಕೆ ಮಾತ್ರ ಗೆರೆ ಎಳೆದು ಬಾಗಿಲ ಮೇಲೆ ಅಂಟಿಸಿದ. ಅಕ್ಕನಿಗೆ ಸ್ವಲ್ಪ ಆಶ್ಚರ್ಯವಾಗಿತ್ತು. ಅವಳ ಕಣ್ಣಿಗೆ ಮೇಸ್ತ್ರಿಯ ಮರಗಳು ಬೋಳಾಗಿಯೇ ಕಂಡಿದ್ದವು. ಆದರೆ ಸಂಜೆ ತರಗತಿಯಲ್ಲಿ ಕಲಿತವಳು ತಾನು, ನೋಡಿದ್ದಕ್ಕಿಂತ ಎಣಿಸಿದ್ದು ದೊಡ್ಡದು ಎಂದು ಬಾಯಿ ಮುಚ್ಚಿಕೊಂಡಳು. ಒಳಗೊಳಗೆ ಹಾಲು ಕುಡಿದಷ್ಟು ಸಂತೋಷವೂ ಆಗಿತ್ತೆನ್ನಬೇಕು. ತಮ್ಮ ಬದುಕಿಕೊಂಡ.

ನೀರಿನ ಕೊಳವೆಗಳನ್ನು ಕಳಚಿದರು. ಒಣ ಕೆರೆತ ಮತ್ತೆ ಶುರುವಾಯಿತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ತಮ್ಮನ ಹೆಂಡತಿ ಅಂಗಡಿಗೆ ಹೋಗುವ ಚೀಟಿ ಹಿಡಿದು ಬಂದಳು. "ಅತ್ತಿಗೆ, ಇದನ್ನ ಓದಿ ಹೇಳಿ. ಇವರು ಬರೆದಿದ್ದು. ಇರುವೆ ಸಾಲು ಹೊರಟ ಹಾಗಿದೆ."

ಮೊದಲ ಪದ ಸರಿಯಾಗಿತ್ತು. ಹೋಗುತ್ತ ಹೋಗುತ್ತ ಅಕ್ಷರ ಕುಗ್ಗಿ, ಕೊನೆಯ ಸಾಲು ಬರೀ ಚುಕ್ಕೆಯಾಗಿತ್ತು.

"ಕಾಗದ ಉಳಿಸ್ತಿದ್ದೀಯೇನೋ?" ಎಂದು ಅಕ್ಕ ಕೇಳಿದಳು.

"ಪೆನ್ನು ಸರಿ ಇಲ್ಲ," ಎಂದ ತಮ್ಮ. ಅವಳು ಬೇರೆ ಪೆನ್ನು ಕೊಡಲಿಲ್ಲ. ಕೊಟ್ಟು ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಅವನು ಊಟದ ನಡುವೆ ಸುಮ್ಮನಾಗತೊಡಗಿದ. ಹೆಂಡತಿ ಚುಚ್ಚಿದರೂ ಮಾರುತ್ತರವಿಲ್ಲ. "ಯಾಕ್ರೀ, ನಾಲಿಗೆ ಶೆಡ್ಡಲ್ಲೇ ಬಿಟ್ಟು ಬಂದ್ರಾ?" ಎಂದರೆ ಅವಳ ಮುಖವನ್ನೇ ನೋಡುತ್ತಿದ್ದ, ಕಣ್ಣು ಮಿಟುಕಿಸದೆ. ಅವಳ ತಾಯಿಗೆ ಮೈ ಹುಷಾರಿಲ್ಲವೆಂದು ಫೋನು ಬಂದ ದಿನ ಅವನಿಗೆ ನಗು ಉಕ್ಕಿಬಂತು. ಹೆಂಡತಿ ಎರಡು ದಿನ ಮಾತು ಬಿಟ್ಟಳು. "ನನಗೆ ನಗು ಬಂದಿರಲಿಲ್ಲ ಅಕ್ಕಾ," ಎಂದು ಅವನು ಮಗುವಿನಂತೆ ಹೇಳಿಕೊಂಡ, "ಬಾಯಿ ತಾನಾಗೇ ನಕ್ಕುಬಿಡ್ತು."

ಅಕ್ಕ ಅವತ್ತೇ ಅವನನ್ನು ಎದುರಿಗೆ ಕೂರಿಸಿಕೊಂಡಳು. ಡಾಕ್ಟರಿಗೆ ತೋರಿಸೋಣ ಎಂದಳು. ಅವನು ಬಾಗಿಲ ಮೇಲಿನ ವರದಿಯನ್ನು ನೆನಪಿಸಿದ. "ನೀನೇ ಬರೆದ ಚಿತ್ರ, ನಿಮ್ಮೋರೇ ಎಣಿಸಿದ್ದು. ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?"

ಐದನೆಯ ತಿಂಗಳು. ಸಂಜೆ ಅವಳು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ತಮ್ಮ ಬೀದಿಯ ಆ ಕೊನೆಯಿಂದ ಬರುವುದು ಕಂಡಿತು. ಮೊಣಕೈ ಮಡಚಿ, ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ಕುಕ್ಕುತ್ತ ಬರುತ್ತಿದ್ದ. ಅವಳಿಗೆ ಸಿಟ್ಟು ಬಂತು. ಬಾಗಿಲು ತೆರೆದವಳೇ ಗದರಿದಳು: "ಸಾಕು ಮಾಡೋ. ಬೀದಿಯಲ್ಲೆಲ್ಲ ಏನದು? ತೀರಿಹೋದವರನ್ನ ಹಾಗೆ ಅಣಕಿಸಬಾರದು."

ತಮ್ಮ ಹೊಸ್ತಿಲಲ್ಲಿ ನಿಂತ. "ಯಾರನ್ನ ಅಣಕಿಸಿದೆ?" ಎಂದು ಕೇಳಿದ. ನಿಜವಾಗಿಯೂ ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದಳು. ಎಣಿಕೆಗಿಂತ ತನ್ನ ಕಣ್ಣೇ ಸರಿಯಿತ್ತೇನೋ ಎಂದು ಮೊಟ್ಟಮೊದಲ ಬಾರಿಗೆ ಅನಿಸಿತ್ತು. ಮೇಸ್ತ್ರಿಯ ಕಡತ ತೆಗೆದು ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಮೂಲೆಯಲ್ಲಿ ಕೆಂಪು ಸಂಖ್ಯೆ. ಎಂಟು. ಹನ್ನೊಂದು. ಏಳು. ಒಂಬತ್ತು. ಹತ್ತು. ಮತ್ತೆ ಏಳು. ಅಷ್ಟರಲ್ಲಿ ಕೊಂಬೆ ಕಿಕ್ಕಿರಿದ ಒಂದು ಹಾಳೆ ಬಂತು. ಅದರ ಮೂಲೆಯಲ್ಲಿ ಅರವತ್ತೊಂದು.

ತಾನು ಕಪ್ಪು ತುಂಬಿದ ಹೊಟ್ಟೆಯನ್ನು ಅವಳು ಗುರುತು ಹಿಡಿದಳು. ಹಾಳೆಗಳನ್ನು ಎಣಿಸಿದಳು. ಹದಿಮೂರು. ಮತ್ತೆ ಎಣಿಸಿದಳು.

ಯಾರೂ ನೋಡಿರಲಿಲ್ಲ. ಆ ಒಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ತಮ್ಮನನ್ನು ಏನಾದರೂ ನೆಪ ಹೇಳಿ ಕೆಲಸ ಬಿಡಿಸಿದರಾಯಿತಲ್ಲ ಎಂಬ ಯೋಚನೆ ಅವಳಿಗೆ ಬಂದದ್ದು ಸುಳ್ಳಲ್ಲ. ಶೆಡ್ಡಿನಲ್ಲಿ ಇನ್ನೂ ಏಳು ಜನ ಇದ್ದರು. ಡಾಕ್ಟರಮ್ಮ ಬರುವತನಕ ಆ ಹಾಳೆ ಹಿಡಿದುಕೊಂಡೇ ನಿಂತಿದ್ದಳು.

"ಮೇಡಂ, ಇದು ಕೋಶ ಅಲ್ಲ. ಕಲ್ಲು."

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎಣಿಕೆಯವನನ್ನು ಕರೆಸಿದರು.

"ಅರವತ್ತೊಂದು ಬಂದಾಗ ನಿಮಗೇನೂ ಅನ್ನಿಸಲಿಲ್ವೇನ್ರೀ?"

"ಅನ್ನಿಸ್ತು ಮೇಡಂ. ಪರವಾಗಿಲ್ಲ, ಒಂದಾದ್ರೂ ಚೆನ್ನಾಗಿ ಬದುಕಿದೆಯಲ್ಲ ಅಂತ ಅನ್ನಿಸ್ತು," ಎಂದ ಆ ಬಡಪಾಯಿ. "ಇದು ಸರಿ, ಇದು ಬೇಡ ಅಂತ ಆರಿಸೋ ಹಾಗಿಲ್ಲ, ಕೊಟ್ಟಿದ್ದನ್ನ ಎಣಿಸ್ಬೇಕು ಅಂತ ನೀವೇ ಹೇಳಿದ್ರಿ."

ಕಲ್ಲನ್ನು ತೆಗೆದುಹಾಕಿದರೆ ಉಳಿದ ಹನ್ನೆರಡರ ಸರಾಸರಿ ಒಂಬತ್ತು. ಹದಿನಾಲ್ಕಿರಬೇಕಾದ ಕಡೆ ಒಂಬತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚಿತ್ರಗಳನ್ನ ನಾನೊಂದು ಸಲ ತಿರುವಿ ಹಾಕಿದ್ರೂ ಸಾಕಿತ್ತು," ಎಂದರು. "ನೀವು ಹೋಗಿ. ಮೊದಲು ಅವನನ್ನ ಹೊರಗೆ ಕರ್ಕೊಂಡು ಬನ್ನಿ. ತಪಾಸಣೆಯವರಿಗೆ ಕಾಗದ ನಾನು ಬರೀತೀನಿ."

ಅಕ್ಕ ಶೆಡ್ಡು ತಲುಪಿದಾಗ ನಡುಮಧ್ಯಾಹ್ನ. ಒಳಗೆ ಹಗಲೇ ಮಬ್ಬು. ತಗಡಿನ ತೂತುಗಳಿಂದ ಬಿದ್ದ ಬಿಸಿಲಿನ ಕೋಲುಗಳಲ್ಲಿ ಕಂದುಗಪ್ಪು ಪುಡಿ ಮೆಲ್ಲಗೆ ಸುತ್ತುತ್ತಿತ್ತು. ಎಂಟು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಗ್ಗಿದ್ದರು. ತಮ್ಮ ಕಿಟಕಿಯ ಬಳಿ ಒಂದು ದೊಡ್ಡ ಕಲ್ಲಿನ ಹಾಳೆಯನ್ನು ಕೆರೆಯುತ್ತಿದ್ದ. ಕಪ್ಪಿನ ಅಡಿಯಿಂದ ಒಂದು ಮರ ಅರ್ಧ ಮೇಲೆದ್ದಿತ್ತು. ಯಂತ್ರ ಹಿಡಿದಿರುವತನಕ ಅವನ ಕೈ ನಡುಗುತ್ತಿರಲಿಲ್ಲ. ಅದನ್ನು ನೋಡಿಯೇ ಅವಳಿಗೆ ಹೆಚ್ಚು ಭಯವಾಯಿತು.

"ಏಳೋ. ಮನೆಗೆ ಹೋಗೋಣ."

"ಇರಕ್ಕಾ, ಇದೊಂದು ಮುಗಿಸ್ತೀನಿ. ಈಗ ಬಿಟ್ರೆ ಹದ ತಪ್ಪುತ್ತೆ."

"ಏಳು ಅಂದೆ. ಅದನ್ನ ಬಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಇಡು ನೋಡೋಣ."

"ಅಕ್ಕ ಮೇಡಂ ಡ್ರಿಲ್ ಮಾಡಿಸ್ತಿದ್ದಾರೆ ಕಣ್ರೋ," ಎಂದು ಯಾರೋ ಕೂಗಿದರು. ಎಲ್ಲರೂ ಯಂತ್ರ ನಿಲ್ಲಿಸಿ ನಕ್ಕರು. ತಮ್ಮ ಎದ್ದು ನಿಂತ, ಒಂದು ಹೆಜ್ಜೆ ಹಿಂದಿಟ್ಟ. ಎರಡನೆಯದಕ್ಕೆ ಕಾಲು ಬರಲೇ ಇಲ್ಲ. ಕಡಿದ ಕಂಬದ ಹಾಗೆ ಹಿಂದಕ್ಕೆ ವಾಲಿದ. ಪಕ್ಕದವನು ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು. ನಗು ನಿಂತಿತು. ಹಿಡಿದುಕೊಂಡವನೂ ತನ್ನ ಹಿಮ್ಮಡಿಯನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡಿಕೊಂಡದ್ದನ್ನು ಅಕ್ಕ ಕಂಡಳು.

ಅವಳು ಎಲ್ಲರ ಮುಂದೆಯೇ ಹೇಳಿದಳು. ಕಲ್ಲಿನ ಮರ, ತಾನು ಬರೆದ ಹೊಟ್ಟೆ, ಎಣಿಸದೆ ಬಿಟ್ಟ ಹಾಳೆ, ಬಾಗಿಲ ಮೇಲಿನ ಸುಳ್ಳು ವರದಿ. ಯಾರೂ ಅವಳನ್ನು ಬೈಯಲಿಲ್ಲ. ಒಬ್ಬ ಮಾತ್ರ ಎದ್ದು ಹೋಗಿ ಬಾಗಿಲ ಮೇಲಿನ ಕಾಗದವನ್ನು ಕಿತ್ತು, ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ತಮ್ಮ ಎಲ್ಲವನ್ನೂ ಕೇಳಿದ. "ಅರವತ್ತೊಂದಾ?" ಎಂದ. ಆಮೇಲೆ ನಕ್ಕ. ಬಹಳ ಹೊತ್ತು ನಕ್ಕ. ಅದು ತನ್ನ ತಮ್ಮನ ನಗುವೋ, ಅವನೊಳಗೆ ಕೂತದ್ದರ ನಗುವೋ ಅಕ್ಕನಿಗೆ ತಿಳಿಯಲಿಲ್ಲ. ಅವನ ತೋಳು ಹಿಡಿದು ಬಿಸಿಲಿಗೆ ಕರೆತಂದಳು.

ಶೆಡ್ಡಿಗೆ ಮತ್ತೆ ನೀರು ಬಂದಿದೆ, ಉಳಿದ ಏಳು ಜನರ ಪರೀಕ್ಷೆ ನಡೆಯುತ್ತಿದೆ. ತಮ್ಮ ಮನೆಯಲ್ಲಿದ್ದಾನೆ. ಪುಡಿಯಿಂದ ದೂರವಿದ್ದರೆ ಇನ್ನಷ್ಟು ಕೆಡದೆ ನಿಲ್ಲಬಹುದು, ನಿಲ್ಲದೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹದಿನಾರು ವರ್ಷ ಕೆರೆದವನನ್ನು ಕೆಡಿಸಿದ್ದು ಆ ಹದಿನಾರು ವರ್ಷಗಳೋ, ಅಕ್ಕನ ಹಾಳೆಯಿಂದ ಬಂದ ಕೊನೆಯ ಐದು ತಿಂಗಳೋ ಎಂದು ಅವಳು ಕೇಳಿದಳು. ಅದನ್ನು ಹೇಳಬಲ್ಲ ಪರೀಕ್ಷೆ ಇಲ್ಲ ಎಂದರು. ಅವಳು ಈಗಲೂ ಕೇಳುತ್ತಾಳೆ. ಯಾರಿಗೂ ಗೊತ್ತಿಲ್ಲ.